ಅರಗು ಹಾಕಿದ ಮೂವತ್ತೊಂದು ಕವರು

ಮೇಷ್ಟರು ತೀರಿಕೊಂಡ ಸುದ್ದಿಯನ್ನು ಮನೆಗೆ ತಂದವಳು ನನ್ನ ಮಗಳು. ಮೈಸೂರಿನ ಹೆಬ್ಬಾಳದ ಕಾರ್ಖಾನೆಯಲ್ಲಿ ಮೊದಲನೇ ಶಿಫ್ಟ್ ಮುಗಿಸಿ ಬಸ್ಸಿಳಿದು ಬಂದವಳು, ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು, "ಅಮ್ಮ, ಸಮಾಜದ ಸಾರ್ ಹೋಗ್ಬಿಟ್ರಂತೆ," ಅಂದಳು.

"ಯಾರು ಹೇಳಿದ್ದು?" ಅಂದೆ.

ನನ್ನ ಬಾಯಿಂದ ಮೊದಲು ಬಂದ ಮಾತು ಇದೇ. ಅಯ್ಯೋ ಎನ್ನಲಿಲ್ಲ, ಯಾವಾಗ ಎನ್ನಲಿಲ್ಲ. ಅವರ ಊರಿನವರೊಬ್ಬರು ಬಸ್ಸಿನಲ್ಲಿ ಸಿಕ್ಕಿ ಹೇಳಿದರಂತೆ. ಅವರ ಊರಿನವರೇ ಅಂತ ನಿನಗೆ ಹೇಗೆ ಗೊತ್ತು ಎಂದು ಇನ್ನೊಂದು ಕೇಳಿದೆ. ಮಗಳು ಬಚ್ಚಲಿಗೆ ಹೋಗಿ ಉಗುರುಸಂದಿಯ ಎಣ್ಣೆಜಿಡ್ಡು ತಿಕ್ಕತೊಡಗಿದಳು.

ಏನು ಮಾಡಲಿ, ನನ್ನ ಹುಟ್ಟುಗುಣ. ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವುದರ ಜೊತೆಗೆ ಪರೀಕ್ಷಾ ವಿಭಾಗವೂ ನನ್ನದೇ. ಪ್ರಶ್ನೆಪತ್ರಿಕೆಯ ಕಟ್ಟು, ಅರಗು, ಹಿತ್ತಾಳೆ ಮುದ್ರೆ, ಅವನ್ನಿಡುವ ಕಬ್ಬಿಣದ ಬೀರು, ಅದರ ಬೀಗದ ಕೈ ಎಲ್ಲ ನನ್ನ ಸುಪರ್ದಿ. ಪರೀಕ್ಷೆಗೆ ಹುಡುಗ ಕೂತ ಭಂಗಿ ನೋಡಿಯೇ ಚೀಟಿ ಎಡಗಾಲಿನ ಸಾಕ್ಸಿನಲ್ಲಿದೆಯೋ ಬಲಗಾಲಿನದರಲ್ಲಿದೆಯೋ ಹೇಳಬಲ್ಲೆ. ಮಗಳನ್ನು ಕೂಡ ಕಣ್ಣಳತೆಯಲ್ಲಿರಲಿ ಎಂದು ನಮ್ಮ ಶಾಲೆಗೇ ಹಾಕಿದ್ದೆ. ಅವಳು ಡಾಕ್ಟರಾಗಬೇಕು ಎನ್ನುವುದು ಅವಳು ಒಂದನೇ ಕ್ಲಾಸಿಗೆ ಹೋಗುವ ಮೊದಲೇ ತೀರ್ಮಾನವಾಗಿತ್ತು. ಆ ತೀರ್ಮಾನಕ್ಕೆ ಕಲ್ಲು ಹಾಕಿದವರು ಈ ಮೇಷ್ಟರೇ ಎಂದು ನಾನು ಬಹಳ ಕಾಲ ನಂಬಿದ್ದೆ. ಪೂರ್ತಿ ನಂಬುವುದನ್ನು ಬಿಟ್ಟಿದ್ದೇನೆ ಅಂತಲೂ ಹೇಳಲಾರೆ.

ಅವರು ನಮ್ಮ ಶಾಲೆಗೆ ಬಂದದ್ದೇ ಅನುಮಾನಕ್ಕೆ ಎಡೆ ಮಾಡುವ ಹಾಗಿತ್ತು. ನಿವೃತ್ತಿಗೆ ಒಂದೇ ವರ್ಷ ಇರುವವರು ಇದ್ದ ಊರಲ್ಲೇ ತಣ್ಣಗೆ ಕಾಲ ಕಳೆಯುತ್ತಾರೆ. ಇವರು ತಿ. ನರಸೀಪುರದ ಕಡೆಯಿಂದ ವರ್ಗ ಮಾಡಿಸಿಕೊಂಡು ಮೈಸೂರಿಗೆ ಬಂದರು. ಯಾಕೆ ಸಾರ್ ಎಂದು ಕೇಳಿದ್ದಕ್ಕೆ, "ಇಷ್ಟು ವರ್ಸ ಹಳ್ಳಿ ಮಕ್ಕಳ ಗುರಿ ನೋಡ್ದೆ ಮೇಡಂ, ಪ್ಯಾಟೆ ಮಕ್ಕಳ್ದು ಎಂಗದೆ ಅಂತ ನೋಡವ ಅಂತ," ಅಂದರು. ಇಂಥ ಉತ್ತರವನ್ನು ಯಾರು ನಂಬುತ್ತಾರೆ? ನಾನಂತೂ ನಂಬಲಿಲ್ಲ.

ಕುಳ್ಳಗಿನ ಆಳು, ಹೇಳಿಕೊಡುವುದು ಸಮಾಜ ವಿಜ್ಞಾನ. ಚಾಮರಾಜಪುರಂನಲ್ಲಿ ಒಂದು ಕೋಣೆ ಹಿಡಿದು ಸೈಕಲ್ಲಿನಲ್ಲಿ ಬರುತ್ತಿದ್ದರು. ಬುತ್ತಿಯಲ್ಲಿ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಮೊದಲ ದಿನ ಸ್ಟಾಫ್ ರೂಮಿನಲ್ಲಿ ಅಟೆಂಡರ್ ಬಂದು, "ಸಾರ್, ಟೀನಾ, ಕಾಫಿನಾ?" ಎಂದು ಕೇಳಿದ. ಇವರು ಗಂಭೀರವಾಗಿ, "ಇನ್ನೇನೈತೆ?" ಅಂದರು. ಅವನು ತಲೆ ಕೆರೆದುಕೊಂಡು, "ಇನ್ನೇನಿಲ್ಲ ಸಾರ್, ಬಿಸಿನೀರೈತೆ," ಅಂದ. "ನೋಡ್ದಾ, ಎರಡೇ ದಾರಿ ಅಂತ ಯಾರಾದ್ರೂ ಏಳಿದ್ರೆ ಮೂರನೇದ ಬಚ್ಚಿಟ್ಟವ್ರೆ ಅಂತ್ಲೇ ತಿಳ್ಕೋ. ಬಿಸಿನೀರೇ ತತ್ತಾ," ಅಂದರು. ವರ್ಷವಿಡೀ ಬಿಸಿನೀರನ್ನೇ ಕುಡಿದರು. ಎಲ್ಲರೂ ನಕ್ಕರು. ಕಾಫಿ ಟೀಯಲ್ಲೂ ಸಂಚು ಕಾಣುವ ಮನುಷ್ಯ ನನಗಿಂತ ಒಂದು ಕೈ ಮೇಲೆಯೇ ಇದ್ದಾನಲ್ಲ ಎಂದು ನನಗೆ ಒಳಗೊಳಗೆ ಇರುಸುಮುರುಸಾಯಿತು.

ಇನ್ನೊಂದು ಅಭ್ಯಾಸವಿತ್ತು. ಯಾವುದಾದರೂ ವಿಷಯ ತೀರ್ಮಾನವಾಗಬೇಕಾದರೆ ಕೈಗಡಿಯಾರ ಬಿಚ್ಚಿ ಅಂಗಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಟೈಮ್ ನೋಡಿಕೊಂಡು ಮಾಡಿದ ತೀರ್ಮಾನ ಟೈಮಿನದು, ನಮ್ಮದಲ್ಲ ಎನ್ನುವುದು ಅವರ ವಾದ. ಶಾಲಾ ವಾರ್ಷಿಕೋತ್ಸವ ಯಾವ ದಿನ ಎಂಬ ಚರ್ಚೆಗೂ ಗಡಿಯಾರ ಬಿಚ್ಚುತ್ತಿದ್ದರು. ಹೆಡ್‌ಮಾಸ್ಟರಿಗೆ ಇದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಶನಿವಾರದ ಕೊನೇ ಪೀರಿಯಡ್ಡನ್ನು ಅವರು ಹತ್ತನೇ ತರಗತಿಗೆಂದು ಕೇಳಿ ಪಡೆದರು. ಜೀವನ ಕೌಶಲ ಎಂದು ವೇಳಾಪಟ್ಟಿಯಲ್ಲಿ ಬರೆಸಿದರು. ಕೊನೇ ಪೀರಿಯಡ್ಡನ್ನು ಕೇಳಿ ಪಡೆಯುವ ಮೇಷ್ಟರನ್ನು ನಾನು ನೋಡಿದ್ದು ಅದೇ ಮೊದಲು. ಬಾಗಿಲಾಚೆ ನಿಂತು ಕೇಳಿಸಿಕೊಂಡೆ. ಗುರಿ ದೊಡ್ಡದಿರಲಿ, ಛಲ ಇರಲಿ ಎನ್ನುವ ಭಾಷಣ ಮಾಡುತ್ತಾರೆ ಎಂದುಕೊಂಡರೆ ಮನುಷ್ಯ ಬೇರೆಯೇ ಹೇಳುತ್ತಿದ್ದರು. "ಗುರಿ ಅಂದ್ರೆ ದೇವ್ರಲ್ಲ ಕಣವ್ವ, ಬಸ್ಸಿನ ಬೋಲ್ಡು. ಬೋಲ್ಡು ನೋಡ್ದೆ ಅತ್ತಬಾರ್ದು. ಅತ್ತಿದ ಮೇಲೆ ತಪ್ಪು ಬಸ್ಸು ಅಂತ ಗೊತ್ತಾದ್ರೆ ಮುಂದಿನ ಸ್ಟಾಪಲ್ಲಿ ಇಳ್ಕಳದು, ನಾಚ್ಕಂಡು ಕೊನೇ ಸ್ಟಾಪ್ ಗಂಟ ಓಗಬಾರ್ದು." ಹತ್ತನೇ ಕ್ಲಾಸಿನ ಮಕ್ಕಳಿಗೆ ಇಳಿಯುವುದನ್ನು ಹೇಳಿಕೊಡುತ್ತಾರಲ್ಲ ಎಂದು ನನಗೆ ಸಿಟ್ಟು ಬಂತು. ಮೊದಲ ಬೆಂಚಿನಲ್ಲಿ ನನ್ನ ಮಗಳು ಕೆನ್ನೆಗೆ ಕೈ ಕೊಟ್ಟು ಕೂತಿದ್ದಳು.

ದಸರಾ ರಜೆ ಮುಗಿದ ಮೇಲೆ ಅವರು ನನ್ನ ಹತ್ತಿರ ಬಂದು ಅರಗಿನ ಕಡ್ಡಿ, ಮೇಣದಬತ್ತಿ ಕೇಳಿದರು. ಪರೀಕ್ಷೆಯ ಅರಗು ಇವರಿಗೇಕೆ? ಕೊಟ್ಟು, ಹಿಂದೆಯೇ ಹೋದೆ. ಕರಿಹಲಗೆಯ ಮೇಲೆ ಮೂರು ಪ್ರಶ್ನೆ ಬರೆದಿದ್ದರು. ಏನಾಗಬೇಕು? ಹಾಗಂತ ಯಾರು ಹೇಳಿದ್ದು? ಬೇರೆ ಏನೇನು ದಾರಿ ಇದೆ? ಮಕ್ಕಳು ಇದಕ್ಕೆ ಉತ್ತರ ಬರೆದು ಕವರಿಗೆ ಹಾಕಿ ಅಂಟಿಸಬೇಕು. ಪ್ರಶ್ನೆಪತ್ರಿಕೆ ಕಟ್ಟಿಗೆ ಹೇಗೆ ಇಬ್ಬರು ಸಾಕ್ಷಿ ರುಜು ಹಾಕುತ್ತಾರೋ ಹಾಗೆ ಪಕ್ಕದ ಇಬ್ಬರು ರುಜು ಹಾಕಬೇಕು. ಮೇಲೆ ಅರಗು. ಶಾಲೆಯ ಮುದ್ರೆ ಕೊಡಲೇ ಎಂದರೆ, "ಬ್ಯಾಡಿ ಮೇಡಂ, ಗುರಿ ಇಸ್ಕೂಲ್ದಲ್ಲ," ಎಂದು ಮಕ್ಕಳ ಕೈಲೇ ಅವರವರ ಗುರುತು ಒತ್ತಿಸಿದರು. ಒಬ್ಬ ಪೆನ್ನಿನ ಮುಚ್ಚಳ ಒತ್ತಿದ, ಒಬ್ಬಳು ಹೇರ್‌ಪಿನ್ನು. ನನ್ನ ಮಗಳು ಅಂಗಿಯ ಗುಂಡಿ. ಯಾವಾಗ ಬೇಕಾದರೂ ಬಂದು ತಮ್ಮ ಕವರು ತಾವು ಒಡೆದು, ಬದಲಾಯಿಸಿ, ಮತ್ತೆ ಮುಚ್ಚಬಹುದು. ಬೇರೆ ಯಾರೂ ಮುಟ್ಟುವ ಹಾಗಿಲ್ಲ.

"ಬದಲಾಯಿಸೋ ಹಾಗಿದ್ರೆ ಸೀಲ್ ಯಾಕೆ ಸಾರ್?" ಎಂದು ನನ್ನ ಮಗಳೇ ಕೇಳಿದಳು.

"ಯಾರೂ ಓದಲ್ಲ ಅಂತ ಗೊತ್ತಿದ್ರೆ ಸುಳ್ಳು ಬರೆಯಾಕೆ ಬ್ಯಾಸರಾಯ್ತದೆ ಕಣವ್ವ," ಅಂದರು.

ನನಗೆ ಕೊರೆಯತೊಡಗಿದ್ದು ಎರಡನೇ ಪ್ರಶ್ನೆ. ಮನೆಯಲ್ಲಿ ಯಾರು ಏನು ಹೇಳುತ್ತಾರೆ ಎನ್ನುವುದು ಸಮಾಜದ ಮೇಷ್ಟರಿಗೆ ಯಾಕೆ ಬೇಕು?

ಆಮೇಲೊಂದು ಶನಿವಾರ ಮಕ್ಕಳನ್ನೆಲ್ಲ ಬಸ್ಸು ಹತ್ತಿಸಿಕೊಂಡು ಹೆಬ್ಬಾಳಕ್ಕೆ ಹೊರಟರು. ಶಿಫ್ಟ್ ಬಿಡುವ ಹೊತ್ತಿಗೆ ಬಸ್ ಸ್ಟಾಪಿನಲ್ಲಿ ನಿಂತು, ಕೆಲಸ ಮುಗಿಸಿ ಬರುವವರನ್ನು ಮಾತಾಡಿಸುವುದಂತೆ. ಹತ್ತನೇ ಕ್ಲಾಸಿನಲ್ಲಿ ಏನಾಗಬೇಕು ಅಂದುಕೊಂಡಿದ್ದಿರಿ, ಏನಾದಿರಿ, ಯಾರು ತೀರ್ಮಾನ ಮಾಡಿದ್ದು ಎಂದು ಕೇಳುವುದಂತೆ. ಓಹೋ, ಕಾರ್ಖಾನೆಗೆ ಆಳು ಹಿಡಿದು ಕೊಡುವ ದಲ್ಲಾಳಿ ಇವರು ಎಂದು ನನಗೆ ಖಾತ್ರಿಯಾಯಿತು. ನಾನೂ ಹಿಂದಿನ ಬಸ್ಸಿನಲ್ಲಿ ಹೋಗಿ ಎದುರಿನ ಟೀ ಅಂಗಡಿಯಲ್ಲಿ ಕಾವಲು ಕೂತೆ. ಹುಡುಗರು ನಾಚಿಕೊಂಡು ನಿಂತಿದ್ದರು. ನನ್ನ ಮಗಳು ಮಾತ್ರ ನೀಲಿ ಕೋಟು ತೊಟ್ಟ ಹೆಂಗಸೊಬ್ಬಳ ಜೊತೆ ಮಾತಿಗೆ ನಿಂತಳು. ಆ ಹೆಂಗಸು ಎರಡು ಬಸ್ಸು ಬಿಟ್ಟಳು. ಕೈಯಲ್ಲಿ ಏನನ್ನೋ ಅಳೆದು ತೋರಿಸುತ್ತಿದ್ದಳು, ಕೂದಲೆಳೆಯಷ್ಟು ಎನ್ನುವ ಹಾಗೆ ಬೆರಳು ಕೂಡಿಸಿದಳು.

"ಏನಂದ್ಲು ಅವಳು?" ಎಂದು ಮನೆಗೆ ಬಂದ ಮೇಲೆ ಕೇಳಿದೆ.

"ಏನಿಲ್ಲ," ಅಂದಳು ಮಗಳು. ಏನಿಲ್ಲ ಎನ್ನುವುದಕ್ಕೆ ಎರಡು ಬಸ್ಸು ಬಿಡುತ್ತಾರೆಯೇ?

ಜನವರಿಯಲ್ಲಿ ಮಕ್ಕಳ ಮನೆಗಳಿಗೆ ಫೋನುಗಳು ಶುರುವಾದವು. ನಿಮ್ಮ ಮಗನನ್ನು ನಮ್ಮ ಪಿಯು ಕಾಲೇಜಿಗೇ ಸೇರಿಸಿ, ಇಂಟಿಗ್ರೇಟೆಡ್ ಕೋಚಿಂಗ್ ಇದೆ ಎಂದು ದಿನಕ್ಕೆ ನಾಲ್ಕು. ಹೆಸರು, ನಂಬರು, ಎಲ್ಲ ಕರಾರುವಾಕ್ಕು. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ? ನೆಟ್ಟಗೆ ಹೆಡ್‌ಮಾಸ್ಟರ ಕೋಣೆಗೆ ಹೋಗಿ, ಮಕ್ಕಳ ಪಟ್ಟಿಯನ್ನು ಆ ಮೇಷ್ಟರೇ ಮಾರಿಕೊಂಡಿದ್ದಾರೆ, ಜೀವನ ಕೌಶಲ ಬರೀ ನೆಪ ಎಂದೆ. ಅವರನ್ನು ಕರೆಸಿದರು. ಬಂದವರು ಕೇಳಿಸಿಕೊಂಡರು, ಗಡಿಯಾರ ಬಿಚ್ಚಿ ಜೇಬಿಗೆ ಹಾಕಿದರು.

"ಮೇಡಂಗೆ ಅನುಮಾನ ಬಂದದ್ದು ತಪ್ಪಲ್ಲ ಸಾರ್. ಮಕ್ಕಳ ಇಸ್ಯ. ಆದ್ರೆ ನಾ ಕೊಟ್ಟಿಲ್ಲ," ಅಂದರು.

ಅಷ್ಟೇ. ಸಿಟ್ಟಿಲ್ಲ, ಆಣೆ ಪ್ರಮಾಣ ಇಲ್ಲ. ನಿಜ ಹೇಳುವವನು ಇಷ್ಟು ತಣ್ಣಗಿರುವುದಿಲ್ಲ ಎಂದು ನಾನು ಲೆಕ್ಕ ಹಾಕಿದೆ. ಹೆಡ್‌ಮಾಸ್ಟರು ಶನಿವಾರದ ಪೀರಿಯಡ್ಡನ್ನು ಕಿತ್ತು ಗಣಿತದ ಪುನರಾವರ್ತನೆಗೆ ಕೊಟ್ಟರು. ಆ ಕವರುಗಳ ಗತಿಯೇನು ಎಂಬ ಮಾತು ಬಂದಾಗ ಮೇಷ್ಟರೇ ನನ್ನ ಕಡೆ ತಿರುಗಿ, "ಮೇಡಂ ಬೀರಿನಲ್ಲೇ ಇರ್ಲಿ ಬುಡಿ. ಅವ್ರಷ್ಟು ಅನುಮಾನದೋರು ಈ ಇಸ್ಕೂಲಲ್ಲಿ ಇನ್ನೊಬ್ರಿಲ್ಲ, ಭದ್ರವಾಗಿರ್ತವೆ," ಅಂದರು. ಚುಚ್ಚಿದರೋ ಹೊಗಳಿದರೋ ತಿಳಿಯಲಿಲ್ಲ. ಆ ಸಂಜೆಯೇ ಮೂವತ್ತೊಂದು ಕವರು ಎಣಿಸಿ ನನ್ನ ಬೀರಿನಲ್ಲಿಟ್ಟು ಬೀಗ ಹಾಕಿದೆ.

ಪಟ್ಟಿ ಹೋದದ್ದು ಎಲ್ಲಿಂದ ಎಂದು ನನಗೆ ಗೊತ್ತಾದದ್ದು ಮಾರ್ಚಿನಲ್ಲಿ. ಡಿಸೆಂಬರಿನಲ್ಲಿ ಯಾರೋ ಟೈ ಕಟ್ಟಿದವನು ಬಂದು ಉಚಿತ ಪ್ರತಿಭಾ ಪರೀಕ್ಷೆ ಎಂದು ಫಾರಂ ಹಂಚಿದ್ದ. ಮಕ್ಕಳ ಹೆಸರು, ಅಪ್ಪ ಅಮ್ಮನ ನಂಬರು ತುಂಬಿ, ರುಜು ಹಾಕಿ ಕಳಿಸಿದವಳು ನಾನೇ. ನಕಲು ಪ್ರತಿ ನನ್ನ ಡ್ರಾಯರಿನಲ್ಲೇ ಸಿಕ್ಕಿತು. ಎಲ್ಲರ ಸಾಕ್ಸು ತಡಕುವ ನಾನು ಅವನ ಟೈ ನೋಡಿ ಮರುಳಾಗಿದ್ದೆ. ಪ್ರತಿಯನ್ನು ಹರಿದು ಹಾಕಿದೆ, ಯಾರಿಗೂ ಹೇಳಲಿಲ್ಲ. ಇಂದು ಇಲ್ಲಿ ಬರೆಯುತ್ತಿದ್ದೇನೆ. ನಾಚಿಕೆಯಾಗುತ್ತದೆ.

ಆದರೆ ಅದಕ್ಕೂ ಮೊದಲು, ಫೆಬ್ರವರಿಯಲ್ಲಿ, ಇದಕ್ಕಿಂತ ದೊಡ್ಡ ತಪ್ಪು ನಡೆದುಹೋಗಿತ್ತು. ಪೂರ್ವಸಿದ್ಧತಾ ಪರೀಕ್ಷೆಯ ಕಟ್ಟುಗಳನ್ನು ಸಿದ್ಧ ಮಾಡಲು ಶಾಲೆ ಬಿಟ್ಟ ಮೇಲೆ ಒಬ್ಬಳೇ ಕೂತಿದ್ದೆ. ಮೇಣದಬತ್ತಿ ಉರಿಯುತ್ತಿತ್ತು, ಅರಗು ಕರಗಿತ್ತು, ಬೀರು ತೆರೆದಿತ್ತು. ಕವರುಗಳು ಕಣ್ಣೆದುರೇ ಇದ್ದವು. ಪುರಾವೆ ಸಿಗಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಪುರಾವೆಗೆ ಯಾವ ಕವರಾದರೂ ಆಗುತ್ತಿತ್ತು. ನನ್ನ ಕೈ ಹೋದದ್ದು ಅಂಗಿಗುಂಡಿಯ ಗುರುತಿದ್ದ ಕವರಿಗೆ. ಬೇಲಿಯೇ ಎದ್ದು ಹೊಲ ಮೇಯ್ದಿತು.

ಒಳಗೆ ನನ್ನ ಮಗಳ ದುಂಡು ಅಕ್ಷರ. ಏನಾಗಬೇಕು? ಡಾಕ್ಟರ್. ಹಾಗಂತ ಯಾರು ಹೇಳಿದ್ದು? ಅಮ್ಮ. ಬೇರೆ ಏನೇನು ದಾರಿ ಇದೆ? ಅಮ್ಮ ಕೇಳಿದರೆ ಹೇಳುತ್ತೇನೆ.

ಮೂರು ಸಲ ಓದಿದೆ. ಇದು ಆ ಮೇಷ್ಟರೇ ಹೇಳಿ ಬರೆಸಿದ್ದು, ನನಗೆ ಒಡ್ಡಿದ ಬಲೆ ಎಂದು ಅನ್ನಿಸಿತು. ಆಮೇಲೆ ಒಂದು ಉಪಾಯವೂ ಹೊಳೆಯಿತು. ಕೇಳಿದರೆ ತಾನೇ ಹೇಳುವುದು? ಕೇಳದಿದ್ದರಾಯಿತು. ಕಾಗದವನ್ನು ಹಾಗೇ ಮಡಿಸಿಟ್ಟು, ಅಂಟಿಸಿ, ಮತ್ತೆ ಅರಗು ಸುರಿದೆ. ಅವಸರದಲ್ಲಿ ಒಂದು ತೊಟ್ಟು ಹೆಬ್ಬೆರಳಿಗೆ ಬಿದ್ದು ಚುರ್ರೆಂದಿತು. ಸಾರಿನ ಪಾತ್ರೆ ತಗುಲಿತು ಎಂದು ಮನೆಯಲ್ಲಿ ಹೇಳಿದೆ. ಮಗಳು ಬೆರಳು ಹಿಡಿದು ಬೆಣ್ಣೆ ಹಚ್ಚಿದಳು. ನಾನು ಕೇಳಲಿಲ್ಲ. ಪೂರ್ವಸಿದ್ಧತಾ ಪರೀಕ್ಷೆ ಮುಗಿಯಿತು, ಯುಗಾದಿ ಬಂತು, ದೊಡ್ಡ ಪರೀಕ್ಷೆಯೂ ಮುಗಿಯಿತು. ಪಿಯು ಕಾಲೇಜಿನ ಅರ್ಜಿ ತಂದು ವಿಜ್ಞಾನ ಎಂಬ ಕಡೆ ಗುರುತು ಹಾಕಿ ಫ್ರಿಜ್ಜಿನ ಮೇಲಿಟ್ಟೆ. ಅದಕ್ಕೆ ಅವಳ ರುಜು ಒಂದು ಬಾಕಿಯಿತ್ತು.

ಒಮ್ಮೆ ಮಾತ್ರ ಮೇಷ್ಟರು ತಮ್ಮ ವಿಷಯ ಎತ್ತಿದ್ದರು. ಪರೀಕ್ಷೆಯ ದಿನಗಳಲ್ಲಿ ಇಬ್ಬರೂ ವರಾಂಡದಲ್ಲಿ ನಿಂತಿದ್ದೆವು. ಮಾತಿಗೆ ಮಾತು ಬಂದು, ನೀವು ಮೇಷ್ಟರಾಗಬೇಕು ಅಂತಲೇ ಇದ್ದಿರಾ ಸಾರ್ ಎಂದೆ. "ನಮ್ಮಪ್ಪ ಮಾಡ್ದ. ನನ್ನ ಯಾರೂ ಕೇಳ್ನಿಲ್ಲ ಮೇಡಂ. ಕೇಳಿದ್ರೂ ಮೇಷ್ಟ್ರೇ ಅಂತಿದ್ನೇನೋ. ಆದ್ರೆ ಕೇಳ್ನಿಲ್ಲ," ಅಂದರು. ಇಷ್ಟು ವರ್ಷದ ಮೇಲೂ ಆ ಮನುಷ್ಯನಿಗೆ ಅದು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ನನಗೆ ಇದು ಕೂಡ ನನ್ನ ಬಾಯಿ ಬಿಡಿಸುವ ತಂತ್ರವೇ ಎಂದು ಕಂಡಿತು.

ಏಪ್ರಿಲ್ ಕೊನೆಗೆ ಅವರ ನಿವೃತ್ತಿ. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಮುಗಿದ ಮೇಲೆ ಪರೀಕ್ಷಾ ಕೋಣೆಗೆ ಬಂದರು. "ಕವರು ಒಂದ್ಸಲ ನೋಡಿ ಒಪ್ಪಿಸ್ಬುಡ್ತೀನಿ ಮೇಡಂ. ಮಕ್ಕಳು ಬಂದಾಗ ನೀವೇ ಕೊಡಬೇಕಲ್ಲ." ಬೀರು ತೆಗೆದೆ. ಒಂದೊಂದನ್ನೇ ಬೆಳಕಿಗೆ ಹಿಡಿದು ಮೇಜಿನ ಮೇಲಿಡುತ್ತ ಬಂದರು. ಪೆನ್ನಿನ ಮುಚ್ಚಳ, ಹೇರ್‌ಪಿನ್ನು, ಬಳೆಚೂರು. ನನ್ನ ಮಗಳ ಕವರು ಕೈಗೆ ಬಂತು.

ಆಗ ನನಗೂ ಕಂಡಿತು. ಅದರ ಮೇಲೆ ಅಂಗಿಗುಂಡಿಯ ಗುರುತು ಇರಲಿಲ್ಲ. ಶಾಲೆಯ ಹಿತ್ತಾಳೆ ಮುದ್ರೆ ಢಾಳಾಗಿ ಒತ್ತಿಕೊಂಡಿತ್ತು. ಅರಗು ಹಾಕಿದ ಕೂಡಲೇ ಮುದ್ರೆಗೆ ಹೋಗುವುದು ನನ್ನ ಕೈಗೆ ಇಪ್ಪತ್ತು ವರ್ಷದ ರೂಢಿ. ಕಳ್ಳತನ ಮಾಡುವಾಗಲೂ ಕೈ ಕ್ರಮ ಬಿಟ್ಟಿರಲಿಲ್ಲ. ಬೇರೆ ಯಾವ ಶಾಲೆಯ ಯಾವ ಹುಡುಗ ಇಂಥ ಗುರುತು ಬಿಟ್ಟಿದ್ದರೂ ಪೆದ್ದ ಎಂದು ನಗುತ್ತಿದ್ದೆ.

ಅವರು ಕವರನ್ನು ಉಳಿದವುಗಳ ಜೊತೆ ಇಟ್ಟರು. ಗಡಿಯಾರ ಬಿಚ್ಚಿದರು. ಜೇಬಿನಿಂದ ಒಂದು ಹಾಳೆ ತೆಗೆದು ನನ್ನ ಮುಂದೆ ಸರಿಸಿದರು. ಪರೀಕ್ಷೆಯ ನಮೂನೆಯಲ್ಲೇ ಬರೆದಿತ್ತು. ಮೂವತ್ತೊಂದು ಕವರುಗಳ ಸೀಲು ಭದ್ರವಾಗಿರುವುದನ್ನು ಪರಿಶೀಲಿಸಿದ್ದೇನೆ. ಕೆಳಗೆ ರುಜುವಿಗೆ ಜಾಗ.

ನಾನು ಇಷ್ಟು ವರ್ಷದಲ್ಲಿ ಸುಳ್ಳು ರುಜು ಹಾಕಿದವಳಲ್ಲ. ಒಂದು ಕಟ್ಟಿನ ದಾರ ಸಡಿಲವಾಗಿದ್ದರೂ ಬರೆದು ತೋರಿಸಿದವಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಹೆಬ್ಬೆರಳು ತಾನಾಗಿ ಅಂಗೈಯೊಳಗೆ ಮಡಿಸಿಕೊಂಡಿತು.

"ರುಜು ಹಾಕದೇ ಇದ್ರೆ?" ಅಂದೆ.

"ಹಾಕ್ಬೋದು, ಬುಡ್ಬೋದು. ಎರಡೇನಾ ಮೇಡಂ ದಾರಿ?" ಅಂದರು. ನನ್ನ ಮುಖ ನೋಡಲಿಲ್ಲ. "ಅವಸರ ಇಲ್ಲ. ನಂಗೆ ನಾಳೆ ಇಲ್ಲಿ ಕೆಲ್ಸ ಇಲ್ಲ, ನಿಮಗದೆ." ಸೈಕಲ್ಲಿನ ಹ್ಯಾಂಡಲ್ಲಿಗೆ ಹಣ್ಣಿನ ಬುಟ್ಟಿ ಕಟ್ಟಿಕೊಂಡು ಹೋದರು. ಮತ್ತೆ ನಾನು ಅವರನ್ನು ನೋಡಲಿಲ್ಲ.

ಮರುದಿನ ಆ ಹಾಳೆಯಲ್ಲಿ, ಮೂವತ್ತು ಭದ್ರ, ಒಂದನ್ನು ಒಡೆಯಲಾಗಿದೆ, ಒಡೆದವಳು ನಾನು ಎಂದು ಬರೆದು ರುಜು ಹಾಕಿದೆ. ಪಟ್ಟಿ ಕೊಟ್ಟವಳೂ ನಾನೇ ಎಂದು ಕೆಳಗೆ ಸೇರಿಸಿದೆ. ಹಾಳೆ ಇನ್ನೂ ಬೀರಿನಲ್ಲಿದೆ. ಮಕ್ಕಳು ಒಬ್ಬೊಬ್ಬರೇ ಬಂದು ತಮ್ಮ ಕವರು ಒಯ್ದರು. ಮೇಷ್ಟರು ಮಾತ್ರ ಬರಲಿಲ್ಲ, ನಾನೂ ಒಯ್ದು ತೋರಿಸಲಿಲ್ಲ. ತಿ. ನರಸೀಪುರಕ್ಕೆ ಗಂಟೆಗೆ ನಾಲ್ಕು ಬಸ್ಸು. ಐದು ವರ್ಷದಲ್ಲಿ ಒಂದನ್ನೂ ಹತ್ತಲಿಲ್ಲವಲ್ಲ ಎಂದು ಈಗ ಸಂಕಟವಾಗುತ್ತದೆ.

ಹಾಳೆಗೆ ಹಾಗೆ ಬರೆಯಲು ಧೈರ್ಯ ಬಂದದ್ದು ನಿವೃತ್ತಿಯ ಆ ಸಂಜೆ ಮನೆಯಲ್ಲಿ ನಡೆದದ್ದರಿಂದ. ಮಗಳು ಅಡುಗೆಮನೆ ನೆಲದ ಮೇಲೆ ಕೂತು ನೆನೆಹಾಕಿದ ಒಣ ಅವರೆಕಾಳು ಹಿದುಕುತ್ತಿದ್ದಳು. ನಾನು ಒಲೆಯ ಮುಂದೆ ನಿಂತಿದ್ದೆ. ಬೆನ್ನು ಹಾಕಿಕೊಂಡೇ ಕೇಳಿದೆ.

"ನಿನಗೇನಾಗಬೇಕು ಅಂತಿದೆ?"

ತಿರುಗಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಪರೀಕ್ಷಾ ಕೊಠಡಿಯಲ್ಲಿ ನಾನು ಹುಡುಗರನ್ನು ನೋಡುವ ನೋಟ ಅದು. ನನ್ನದೇ ಕಣ್ಣು.

"ಹಿಂಗೆ ಕೇಳು ಅಂತ ಯಾರು ಹೇಳಿದ್ರು?" ಅಂದಳು.

ಯಾರೂ ಇಲ್ಲ ಎಂದು ನಾಲಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. "ನಿನ್ನ ಕವರು ಒಡೆದು ನೋಡ್ದೆ ಕಣೇ," ಅಂದೆ.

"ಗೊತ್ತು."

"ಸಾರ್ ಹೇಳಿದ್ರಾ?"

"ಅವರ್ಯಾಕೆ ಹೇಳ್ತಾರೆ? ಬೆಣ್ಣೆ ಹಚ್ಚಿದ್ದು ನಾನಲ್ವಾ? ಸಾರಿನ ಪಾತ್ರೆ ತಗುಲಿದ್ರೆ ಉಗುರಲ್ಲಿ ಅರಗು ಯಾಕಿರತ್ತೆ?" ಒಂದು ಕಾಳು ಹಿದುಕಿದಳು. "ಕವರು ನಿನ್ನ ಬೀರಿಗೆ ಬರತ್ತೆ ಅಂತ ಗೊತ್ತಾದ ದಿನಾನೇ ಸಾರ್ ಹತ್ರ ಹೋಗಿ, ನನ್ನದನ್ನ ಒಡೆದು ಬೇರೆ ಬರೆದು ಮುಚ್ಚಿಟ್ಟೆ. ಅದು ಬರೆದದ್ದೇ ನಿನಗೆ. ನೀನು ಬಿಡಲ್ಲ, ಓದೇ ಓದ್ತೀಯ ಅಂತ ಗೊತ್ತಿತ್ತು."

ನಾನು ಸೌಟು ಕೆಳಗಿಟ್ಟೆ.

"ಓದಿದ ಮೇಲೂ ನೀನು ಕೇಳ್ಲೇ ಇಲ್ವಲ್ಲಮ್ಮ," ಅಂದಳು. ದನಿ ಸಣ್ಣದಾಗಿತ್ತು. "ಇವತ್ತು ಕೇಳ್ತೀಯ, ನಾಳೆ ಕೇಳ್ತೀಯ ಅಂತ ಎರಡು ತಿಂಗಳಿಂದ ಕಾಯ್ತಾ ಇದೀನಿ."

ನಾನು ಒಲೆ ಆರಿಸಿ, ಫ್ರಿಜ್ಜಿನ ಮೇಲಿದ್ದ ಅರ್ಜಿಯನ್ನು ತಂದು ನೆಲದ ಮೇಲಿಟ್ಟು, ಅವಳ ಎದುರು ಕೂತೆ. ಕೈಗೆ ಗಡಿಯಾರ ಕಟ್ಟಿತ್ತು. ಬಿಚ್ಚಿದೆ.

"ಹೇಳು," ಅಂದೆ.